‘ಹಿಸ್ ಗರ್ಲ್ ಫ್ರೈಡೇ’ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ಇನ್ನೂ ನೋಡಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇವೆ: ಕೆಳಗೆ ಕೊನೆಯ ದೃಶ್ಯದವರೆಗಿನ ಕಥೆ ಬಂದೇ ಬರುತ್ತದೆ. ಗೊತ್ತಾದರೆ ನಷ್ಟವೇನಿಲ್ಲ. ಈ ಚಿತ್ರದ ಮಜಾ ಮುಂದೇನಾಗುತ್ತದೆ ಎಂಬುದಕ್ಕಿಂತ ಯಾರು ಯಾರ ಮಾತನ್ನು ಎಲ್ಲಿ ಕತ್ತರಿಸುತ್ತಾರೆ ಎಂಬುದರಲ್ಲಿದೆ.

ಇದಕ್ಕೆ ಮೂಲವಾದ ನಾಟಕ ಯಾವುದು?

ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮೆಕಾರ್ಥರ್ ಸೇರಿ ಬರೆದ ‘ದ ಫ್ರಂಟ್ ಪೇಜ್’. 1928ರ ಆಗಸ್ಟ್ 14ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಥಿಯೇಟರಿನಲ್ಲಿ ರಂಗಕ್ಕೇರಿ 276 ಪ್ರದರ್ಶನ ಕಂಡಿತು. ಆಡಿಸಿದವರು ಜಾರ್ಜ್ ಎಸ್. ಕಾಫ್‌ಮನ್. ಲೇಖಕರಿಬ್ಬರೂ ಶಿಕಾಗೊ ಪತ್ರಿಕೆಗಳಲ್ಲಿ ವರದಿಗಾರರಾಗಿ ಸವೆದವರು. ಹಾಗಾಗಿ ವರದಿಗಾರರ ಕೋಣೆಯ ಇಸ್ಪೀಟು, ಬೈಗುಳ, ಕಾಣದ ಘಟನೆಯನ್ನು ಕಂಡಂತೆ ಫೋನಿನಲ್ಲಿ ಒದರುವ ರೀತಿ, ಇವೆಲ್ಲ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಸಂಪಾದಕ ವಾಲ್ಟರ್ ಬರ್ನ್ಸ್ ಪಾತ್ರದ ಹಿಂದೆ ವಾಲ್ಟರ್ ಹೋವಿ ಎಂಬ ನಿಜವಾದ ಸಂಪಾದಕನಿದ್ದ.

ಈ ನಾಟಕವನ್ನು ಎರಡನೇ ಸಲ ತೆರೆಗೆ ತಂದದ್ದು 1940ರ ಜನವರಿಯಲ್ಲಿ ಬಿಡುಗಡೆಯಾದ ಈ ಚಿತ್ರ. ನಿರ್ದೇಶಕ ಹೋವರ್ಡ್ ಹಾಕ್ಸ್, ಚಿತ್ರಕಥೆ ಚಾರ್ಲ್ಸ್ ಲೆಡರರ್, ನಿರ್ಮಾಣ ಕೊಲಂಬಿಯಾ, ಅವಧಿ 92 ನಿಮಿಷ. ಕ್ಯಾರಿ ಗ್ರಾಂಟ್ ವಾಲ್ಟರ್, ರೊಸಾಲಿಂಡ್ ರಸೆಲ್ ಹಿಲ್ಡಿ ಜಾನ್ಸನ್, ರಾಲ್ಫ್ ಬೆಲಾಮಿ ಬ್ರೂಸ್ ಬಾಲ್ಡ್‌ವಿನ್.

ಕಥೆ ಚಿಕ್ಕದಾಗಿ ಹೇಳಬಹುದೇ?

ಹಿಲ್ಡಿ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಅತ್ಯುತ್ತಮ ವರದಿಗಾರ್ತಿ, ಸಂಪಾದಕ ವಾಲ್ಟರನ ಮಾಜಿ ಹೆಂಡತಿ. ಆಲ್ಬನಿಯ ವಿಮಾ ಏಜೆಂಟ್ ಬ್ರೂಸನನ್ನು ಮದುವೆಯಾಗಿ ಮನೆ, ಮಕ್ಕಳು ಎಂದು ನೆಮ್ಮದಿಯಾಗಿರುತ್ತೇನೆ ಎಂದು ಹೇಳಲು ಕಚೇರಿಗೆ ಬರುತ್ತಾಳೆ. ರೈಲಿಗೆ ಇನ್ನು ಕೆಲವೇ ಗಂಟೆ. ಅದೇ ಹೊತ್ತಿಗೆ ಪೊಲೀಸನನ್ನು ಕೊಂದ ಆರೋಪದ ಅರ್ಲ್ ವಿಲಿಯಮ್ಸ್ ಎಂಬ ಬಡಪಾಯಿಯನ್ನು ಮರುದಿನ ಬೆಳಗ್ಗೆ ಗಲ್ಲಿಗೇರಿಸಲಿದ್ದಾರೆ. ಚುನಾವಣೆ ಹತ್ತಿರ ಬಂದಿದೆ, ಮೇಯರ್‌ಗೂ ಶೆರಿಫ್‌ಗೂ ಆ ಗಲ್ಲು ಬೇಕೇ ಬೇಕು. ಒಂದೇ ಒಂದು ಸಂದರ್ಶನ ಬರೆದುಕೊಟ್ಟು ಹೋಗು ಎಂದು ವಾಲ್ಟರ್ ಗಾಳ ಹಾಕುತ್ತಾನೆ. ಅರ್ಲ್ ಜೈಲಿನಿಂದ ತಪ್ಪಿಸಿಕೊಂಡು ವರದಿಗಾರರ ಕೋಣೆಯ ಕಿಟಕಿಯಲ್ಲೇ ನುಗ್ಗಿ, ಅಲ್ಲೇ ಒಂದು ಮೇಜಿನೊಳಗೆ ಅಡಗುತ್ತಾನೆ. ಅಲ್ಲಿಂದ ಮುಂದೆ ಹಿಲ್ಡಿಗೆ ರೈಲಿನ ನೆನಪೇ ಇರುವುದಿಲ್ಲ.

ನಾಟಕದ ಹಿಲ್ಡಿ ಗಂಡಸಲ್ಲವೇ? ಹೆಣ್ಣಾದದ್ದು ಹೇಗೆ?

ಹೌದು, ಮೂಲದಲ್ಲಿ ಹಿಲ್ಡಿ ಗಂಡಸು. ಪೆಗಿ ಎಂಬ ಹುಡುಗಿಯನ್ನು ಮದುವೆಯಾಗಿ ನ್ಯೂಯಾರ್ಕಿಗೆ ಹೊರಟವನು. ಸಂವಾದ ಎಷ್ಟು ಚೆನ್ನಾಗಿದೆ ಎಂದು ತೋರಿಸಲು ಹಾಕ್ಸ್ ಹಿಲ್ಡಿಯ ಸಾಲುಗಳನ್ನು ಒಬ್ಬ ಹೆಂಗಸಿನ ಕೈಯಲ್ಲಿ ಓದಿಸಿದರಂತೆ, ಗಂಡಸು ಓದಿದ್ದಕ್ಕಿಂತ ಚೆನ್ನಾಗಿ ಕೇಳಿತಂತೆ. ಇದು ಸಂದರ್ಶನಗಳಲ್ಲಿ ಹಾಕ್ಸ್ ತಾವೇ ಹೇಳಿಕೊಂಡದ್ದು. ಅವರು ಕಥೆ ಕಟ್ಟುವುದರಲ್ಲೂ ನಿಸ್ಸೀಮರು ಎಂಬುದು ತಲೆಯಲ್ಲಿರಲಿ.

ಪಾತ್ರದ ಲಿಂಗ ಬದಲಾದದ್ದರಿಂದ ಸಂಭಾಷಣೆ ನಾವು ಅಂದುಕೊಳ್ಳುವಷ್ಟು ಬದಲಾಗಲಿಲ್ಲ. ವರದಿಗಾರರ ಕೋಣೆಯ ಭಾಗವನ್ನು ನಾಟಕದ ಪಕ್ಕ ಇಟ್ಟು ಓದಿದರೆ ಸಾಲುಸಾಲು ಹೊಂದುವ ಜಾಗಗಳು ಎಷ್ಟೋ ಸಿಗುತ್ತವೆ. ಬದಲಾದದ್ದು ಆ ಸಾಲುಗಳ ಹಿಂದಿನ ಒತ್ತಡ. ನಾಟಕದಲ್ಲಿ ವಾಲ್ಟರ್ ಒಬ್ಬ ಒಳ್ಳೆಯ ವರದಿಗಾರನನ್ನು ಬಿಟ್ಟುಕೊಡಲಾರದ ಸಂಪಾದಕ, ಅಷ್ಟೆ. ಸಿನಿಮಾದಲ್ಲಿ ಅದೇ ಹಟ, ಅದೇ ಸುಳ್ಳು, ಅದೇ ಹೊಗಳಿಕೆ ಏಕಕಾಲಕ್ಕೆ ಕೆಲಸದ ಮಾತೂ ಹೌದು, ಪ್ರೇಮದ ಮಾತೂ ಹೌದು. ‘ನೀನಿಲ್ಲದೆ ಈ ಸುದ್ದಿ ಬರೆಯಲಾಗದು’ ಎನ್ನುವುದನ್ನು ಬಿಟ್ಟು ಬೇರೆ ಪ್ರೇಮನಿವೇದನೆ ಆ ಮನುಷ್ಯನ ಬಳಿ ಇಲ್ಲ. ವಿಚಿತ್ರವೆಂದರೆ, ಹಿಲ್ಡಿಗೂ ಬೇಕಾದದ್ದು ಅದೇ.

ಇನ್ನೊಂದು ಲಾಭ, ಪೆಗಿಯ ಜಾಗಕ್ಕೆ ಬ್ರೂಸ್ ಬಂದ. ನಾಟಕದಲ್ಲಿ ಪೆಗಿ ಹೆಚ್ಚಾಗಿ ಬಾಗಿಲಲ್ಲಿ ನಿಂತು ಕಣ್ಣೀರಿಡುವ ಪಾತ್ರ. ಬ್ರೂಸ್ ಮಾತ್ರ ಛತ್ರಿ, ಗಾಲೋಷು (ಮಳೆಗೆ ಬೂಟಿನ ಮೇಲೆ ತೊಡುವ ರಬ್ಬರ್ ಜೋಡು) ಸಮೇತ ಬರುವ, ನಂಬಿಕಸ್ತ, ನಿಧಾನ ಮಾತಿನ ಮನುಷ್ಯ. ಅವನ ನಿಧಾನ ಪಕ್ಕದಲ್ಲಿರುವುದರಿಂದಲೇ ಉಳಿದಿಬ್ಬರ ವೇಗ ಕಣ್ಣಿಗೆ ಹೊಡೆಯುತ್ತದೆ.

ಹಾಗಾದರೆ ಸಿನಿಮಾಕ್ಕಾಗಿ ಹೊಸದಾಗಿ ಸೇರಿಸಿದ್ದು ಏನು?

ಹೆಚ್ಚುಕಡಿಮೆ ಮೊದಲ ಮೂರನೇ ಒಂದು ಭಾಗ. ನಾಟಕ ಪೂರ್ತಿ ನಡೆಯುವುದು ಶಿಕಾಗೊದ ಕ್ರಿಮಿನಲ್ ಕೋರ್ಟ್ ಕಟ್ಟಡದ ವರದಿಗಾರರ ಕೋಣೆ ಒಂದರಲ್ಲೇ. ಅದರಲ್ಲಿ ವಾಲ್ಟರನ ಪ್ರವೇಶವಾಗುವುದು ಎರಡನೇ ಅಂಕದ ಕೊನೆಯ ಹೊತ್ತಿಗೆ. ಅಲ್ಲಿಯವರೆಗೆ ಅವನು ಫೋನಿನ ಆಚೆ ತುದಿಯ ಗುಡುಗು ಮಾತ್ರ. ಪ್ರೇಮಕಥೆ ಮಾಡಬೇಕಾದರೆ ಅಷ್ಟು ಹೊತ್ತು ನಾಯಕನನ್ನು ಅಡಗಿಸಿಡಲು ಆಗುವುದಿಲ್ಲ. ಆದ್ದರಿಂದ ಲೆಡರರ್ ಪತ್ರಿಕಾ ಕಚೇರಿ ಮತ್ತು ಹೋಟೆಲಿನ ಊಟ ಎಂಬ ಎರಡು ದೀರ್ಘ ದೃಶ್ಯಗಳನ್ನು ಮುಂದೆ ಕೂರಿಸಿದರು.

ಮೊದಲ ದೃಶ್ಯವನ್ನು ಗಮನವಿಟ್ಟು ನೋಡಿ. ಹಿಲ್ಡಿ ಬ್ರೂಸನನ್ನು ಕಟಕಟೆಯ ಆಚೆಗೇ ಬಿಟ್ಟು ಒಳಗೆ ಹೋಗುತ್ತಾಳೆ. ಕ್ಯಾಮೆರಾ ಅವಳ ಜೊತೆಗೇ ಮೇಜುಗಳ ನಡುವೆ ಸರಿಯುತ್ತದೆ, ಎಲ್ಲರೂ ಅವಳನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಅವಳು ಯಾವ ಲೋಕದವಳು, ಬ್ರೂಸ್ ಯಾವ ಗಡಿಯಾಚೆ ನಿಂತಿದ್ದಾನೆ ಎಂಬುದು ಯಾರೂ ಬಾಯಿಬಿಟ್ಟು ಹೇಳದೆ ತೀರ್ಮಾನವಾಗಿಬಿಡುತ್ತದೆ.

ಮಾತು ಅಷ್ಟು ವೇಗ ಅನ್ನಿಸುವುದು ಯಾಕೆ? ಫಿಲ್ಮನ್ನು ವೇಗವಾಗಿ ಓಡಿಸಿದ್ದಾರಾ?

ಇಲ್ಲ. ನಿಮಿಷಕ್ಕೆ ಸುಮಾರು 240 ಪದ ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ನಾವು ನೀವು ಇಂಗ್ಲಿಷಿನಲ್ಲಿ ಹರಟುವ ವೇಗಕ್ಕಿಂತ ಅದು ಬಹಳ ಹೆಚ್ಚು. ಆದರೆ ವೇಗಕ್ಕೆ ಕಾರಣ ನಾಲಗೆಗಿಂತ ಹೆಚ್ಚಾಗಿ ಬರವಣಿಗೆ.

ಹಾಕ್ಸ್ ವಿಧಾನ ಹೀಗೆ: ಪ್ರತಿ ಮಾತಿನ ಆರಂಭದಲ್ಲೂ ಕೊನೆಯಲ್ಲೂ ಕೇಳಿಸದಿದ್ದರೂ ನಡೆಯುವ ಕೆಲವು ಪದಗಳನ್ನು ಸೇರಿಸುವುದು. ತಿರುಳು ಮಧ್ಯದಲ್ಲಿರುತ್ತದೆ. ಒಬ್ಬರ ಬಾಲದ ಮೇಲೆ ಇನ್ನೊಬ್ಬರ ತಲೆ ಬಂದು ಕೂತರೂ ಎರಡೂ ತಿರುಳುಗಳು ಸ್ವಚ್ಛವಾಗಿ ಕಿವಿಗೆ ಬೀಳುತ್ತವೆ. ಇಬ್ಬರೂ ಒಟ್ಟಿಗೆ ಕೂಗಾಡುತ್ತಿದ್ದಾರೆ ಎಂದು ನಮಗೆ ಅನ್ನಿಸುವಾಗಲೂ, ಮುಖ್ಯ ಪದ ಬರುವ ಕ್ಷಣದಲ್ಲಿ ಮತ್ತೊಬ್ಬರ ಬಾಯಲ್ಲಿ ಇರುವುದು ಪೊಳ್ಳು ಪದ.

ಎರಡನೆಯದು, ಮೌನ ಎಲ್ಲಿದೆ ಎಂಬುದು. ಹಿಲ್ಡಿ ಜೈಲಿನಲ್ಲಿ ಅರ್ಲ್‌ನನ್ನು ಮಾತಾಡಿಸುವ ದೃಶ್ಯ ಮೆಲ್ಲಗಿದೆ. ಬಂದೂಕು ಇರುವುದು ಯಾತಕ್ಕೆ, ಬಳಸುವುದಕ್ಕೆ ತಾನೆ ಎಂಬ ತರ್ಕವನ್ನು ಅವಳು ಹಗುರವಾಗಿ ಅವನ ತಲೆಗೆ ಹಾಕಿ ತನ್ನ ವರದಿಗೆ ಬೇಕಾದ ಉತ್ತರ ತೆಗೆಯುತ್ತಾಳೆ. ಅರ್ಲ್‌ನ ಬಗ್ಗೆ ಮರುಕವಿರುವ ಮಾಲಿ ಮಲಾಯ್ ಎಂಬ ಹೆಂಗಸು ಬಂದು ವರದಿಗಾರರನ್ನು ಬೈದು ಹೋದ ಮೇಲೆ ಕೋಣೆಯಲ್ಲಿ ಯಾರ ಬಾಯಲ್ಲೂ ಮಾತು ಹೊರಡುವುದಿಲ್ಲ. ಇಂಥ ತಗ್ಗುಗಳಿಲ್ಲದಿದ್ದರೆ ವೇಗ ಬರಿಯ ಗಲಾಟೆಯಾಗುತ್ತಿತ್ತು.

ಮೂರನೆಯದು, ಹಿನ್ನೆಲೆ ಸಂಗೀತವೇ ಇಲ್ಲ ಎನ್ನಬಹುದು. ಶುರುವಿನಲ್ಲಿ, ಕೊನೆಯಲ್ಲಿ ಬಿಟ್ಟರೆ ಫೋನಿನ ಗಂಟೆ, ಬೆರಳಚ್ಚು ಯಂತ್ರ, ಹೊರಗೆ ಗಲ್ಲುಮರ ಪರೀಕ್ಷಿಸುವ ಸದ್ದು, ಸೈರನ್ನು. ಇಲ್ಲಿ ತಾಳ ಹಿಡಿಯುವುದು ಇವೇ.

ಆ ಕಾಲದ ಯಂತ್ರದಲ್ಲಿ ಒಂದರ ಮೇಲೊಂದು ಬರುವ ಮಾತನ್ನು ಹೇಗೆ ಮುದ್ರಿಸಿಕೊಂಡರು?

1939ರಲ್ಲಿ ಪ್ರತಿ ನಟನಿಗೆ ಬೇರೆ ಬೇರೆ ಟ್ರ್ಯಾಕ್ ಇಟ್ಟು ಆಮೇಲೆ ಬೆರೆಸುವ ಸೌಲಭ್ಯ ಇರಲಿಲ್ಲ. ಸೆಟ್ಟಿನ ಮೇಲೆ ಹಲವು ಮೈಕುಗಳನ್ನು ತೂಗುಹಾಕಿ, ಯಾರು ಮಾತಾಡುತ್ತಾರೋ ಅವರ ಮೈಕನ್ನು ಮಾತ್ರ ತೆರೆದು ಉಳಿದವನ್ನು ಮುಚ್ಚುತ್ತಾ ಧ್ವನಿಮುದ್ರಕರು ಕೈಯಲ್ಲೇ ಆಡಿಸಬೇಕಿತ್ತು. ಒಂದೇ ದೃಶ್ಯದಲ್ಲಿ 35 ಸಲದವರೆಗೆ ಹೀಗೆ ಬದಲಾಯಿಸಿದ್ದುಂಟು ಎನ್ನುತ್ತಾರೆ. ಆದ್ದರಿಂದ ಈ ‘ಗಲಾಟೆ’ಯನ್ನು ಆ ಕ್ಷಣದ ಸ್ಫೂರ್ತಿಗೆ ಬಿಡುವಂತಿರಲಿಲ್ಲ. ಯಾರ ಯಾವ ಪದಕ್ಕೆ ಯಾರು ಬಾಯಿ ಹಾಕಬೇಕು ಎಂಬುದು ಧ್ವನಿಯವರಿಗೂ ಗೊತ್ತಿರಬೇಕಿತ್ತು.

ಹಾಗಿದ್ದರೂ ಸ್ಥಳದಲ್ಲೇ ಹುಟ್ಟಿದ ಮಾತುಗಳಿವೆ ಅನ್ನುತ್ತಾರಲ್ಲ?

ಇವೆ. ಹಾಕ್ಸ್ ಅದಕ್ಕೆ ಕುಮ್ಮಕ್ಕು ಕೊಟ್ಟರು. ಗ್ರಾಂಟ್ ಪಾತ್ರ ಮೇಯರ್ ಮತ್ತು ಶೆರಿಫ್‌ಗೆ, ಹೀಗೆ ಬೆದರಿಸಿದ ಆರ್ಚಿ ಲೀಚ್ ವಾರದೊಳಗೆ ಕತ್ತು ಕೊಯ್ದುಕೊಂಡ ಎನ್ನುತ್ತದೆ. ಆರ್ಚಿ ಲೀಚ್ ಎಂದರೆ ಗ್ರಾಂಟರ ಹುಟ್ಟುಹೆಸರು. ಬ್ರೂಸ್ ನೋಡಲು ಹೇಗಿದ್ದಾನೆ ಎಂದು ವಾಲ್ಟರ್ ವಿವರಿಸುವಾಗ, ಸಿನಿಮಾದ ಆ ರಾಲ್ಫ್ ಬೆಲಾಮಿ ಇದ್ದಾನಲ್ಲ ಹಾಗೆ, ಎಂದುಬಿಡುತ್ತಾನೆ. ಇದೆಲ್ಲ ಅರ್ಧ ಸೆಕೆಂಡಿನಲ್ಲಿ ಹಾದುಹೋಗುತ್ತದೆ, ನಗುವುದಕ್ಕೂ ಪುರುಸೊತ್ತು ಕೊಡುವುದಿಲ್ಲ.

ಗ್ರಾಂಟ್‌ಗೆ ಹೋಲಿಸಿದರೆ ತನ್ನ ಸಾಲುಗಳು ಸಪ್ಪೆ ಎನ್ನಿಸಿ ರಸೆಲ್ ಒಬ್ಬ ಜಾಹೀರಾತು ಬರಹಗಾರನಿಗೆ ತಾವೇ ದುಡ್ಡು ಕೊಟ್ಟು ಮಾತು ಬರೆಸಿಕೊಂಡು, ಚಿತ್ರೀಕರಣದ ವೇಳೆ ‘ಆ ಕ್ಷಣದಲ್ಲಿ ಹೊಳೆದಂತೆ’ ಹೇಳುತ್ತಿದ್ದರು. ಆತ್ಮಕಥೆಯಲ್ಲಿ ಇದನ್ನು ಮುಚ್ಚಿಟ್ಟಿಲ್ಲ.

ರಸೆಲ್ ಮೊದಲ ಆಯ್ಕೆಯಾಗಿದ್ದರೇ?

ಅಲ್ಲವೇ ಅಲ್ಲ. ಐರೀನ್ ಡನ್, ಜೀನ್ ಆರ್ಥರ್, ಜಿಂಜರ್ ರಾಜರ್ಸ್, ಕ್ಲಾಡೆಟ್ ಕೋಲ್ಬರ್ಟ್, ಕ್ಯಾರಲ್ ಲೊಂಬಾರ್ಡ್ ಹೀಗೆ ಸಾಲು ಹೆಸರುಗಳು ಮುಂದೆ ಇದ್ದವು. ಈ ಸಂಗತಿ ರಸೆಲ್‌ಗೂ ತಿಳಿದು ಮುನಿಸಿಕೊಂಡೇ ಸೆಟ್ಟಿಗೆ ಬಂದರು. ನಮ್ಮ ಅಭಿಪ್ರಾಯದಲ್ಲಿ ಆ ಮುನಿಸು ಪಾತ್ರಕ್ಕೆ ಒದಗಿಬಂತು.

ಬ್ರೂಸ್‌ಗೆ ಏನೇನು ಅನ್ಯಾಯವಾಗುತ್ತದೆ? ಒಂದೇ ಸಲಕ್ಕೆ ಲೆಕ್ಕ ಸಿಗುವುದಿಲ್ಲ.

ಮೊದಲು ವಾಲ್ಟರ್ ಒಂದು ಲಕ್ಷ ಡಾಲರಿನ ಜೀವವಿಮೆ ಮಾಡಿಸುವುದಾಗಿ ಒಪ್ಪಿ ಹೊತ್ತು ಕಳೆಯುತ್ತಾನೆ, 2,500 ಡಾಲರಿನ ಚೆಕ್ಕನ್ನೂ ಕೊಡುತ್ತಾನೆ. ಹಿಲ್ಡಿ ಎಚ್ಚರಿಸಿದ್ದರಿಂದ ಬ್ರೂಸ್ ಆ ಚೆಕ್ಕನ್ನು ಟೋಪಿಯ ಒಳಪದರದಲ್ಲಿ ಇಟ್ಟುಕೊಳ್ಳುತ್ತಾನೆ. ಬಳಿಕ ವಾಲ್ಟರನ ಬಂಟ ಲೂಯಿ ಗಡಿಯಾರ ಕಳ್ಳತನದ ಆರೋಪ ಹೊರಿಸಿ ಠಾಣೆಗೆ ಹಾಕಿಸುತ್ತಾನೆ. ಹಿಲ್ಡಿ ಬಿಡಿಸಿಕೊಂಡು ಬಂದರೆ, ಹೊಂಬಣ್ಣದ ಕೂದಲಿನ ಹುಡುಗಿಯೊಬ್ಬಳು ಮೈಮೇಲೆ ಬಿದ್ದ ಎಂದು ಕೂಗಿ ಎರಡನೇ ಸಲ. ಹಿಲ್ಡಿಗೆ ಲೂಯಿ ಕೊಟ್ಟ ದುಡ್ಡು ಖೋಟಾ ಆದ್ದರಿಂದ ಕೊನೆಯಲ್ಲಿ ಇನ್ನೊಂದು ಸಲ. ನಡುವೆ ಅವನ ತಾಯಿಯನ್ನು ಅನಾಮತ್ತಾಗಿ ಎತ್ತಿಕೊಂಡು ಹೋಗುತ್ತಾರೆ.

ಗಲ್ಲು, ಆತ್ಮಹತ್ಯೆಯ ಯತ್ನ ಇರುವ ಚಿತ್ರ ಹಾಸ್ಯ ಹೇಗಾಗುತ್ತದೆ?

ಅರ್ಲ್ ಎಲ್ಲಿದ್ದಾನೆಂದು ವರದಿಗಾರರು ಹಿಲ್ಡಿಯನ್ನು ಸುತ್ತುವರಿದಾಗ, ಅವರ ಗಮನ ತಪ್ಪಿಸಲು ಮಾಲಿ ಕಿಟಕಿಯಿಂದ ಹಾರುತ್ತಾಳೆ. ಅವರು ಕಿಟಕಿಗೆ ಓಡಿ, ಇನ್ನೂ ಜೀವವಿದೆ ಎಂದು ನೋಡಿ, ಮರುಕ್ಷಣ ಸುದ್ದಿಯ ಹಿಂದೆ ಓಡುತ್ತಾರೆ. ಚಿತ್ರ ಇದಕ್ಕೆ ಮದ್ದು ಹಚ್ಚುವುದಿಲ್ಲ. ಹಿಲ್ಡಿಗೆ ಆ ಕೋಣೆಯ ಮೇಲಿರುವ ಅಸಹ್ಯವೂ ಸೆಳೆತವೂ ಎರಡೂ ನಿಜ ಅನ್ನಿಸುವುದು ಇಂಥ ಕಡೆ. ನಗು ಅಧಿಕಾರಸ್ಥರ ಪಾಲಿಗೆ: ಮನೋವೈದ್ಯ ಕೇಳಿದನೆಂದು ತನ್ನದೇ ಬಂದೂಕು ಕೊಟ್ಟು ಅದು ಕೈದಿಯ ಕೈ ಸೇರುವಂತೆ ಮಾಡುವ ಶೆರಿಫ್, ಗವರ್ನರ್ ಕಳಿಸಿದ ತಡೆಯಾಜ್ಞೆ ತಂದ ಪೆಟ್ಟಿಬೋನನಿಗೆ ನೌಕರಿಯ ಆಸೆ ತೋರಿಸಿ ಸಾಗಹಾಕುವ ಮೇಯರ್.

ಕಪ್ಪು ಜನರನ್ನು ಕುರಿತ ಒಂದೆರಡು ಮಾತುಗಳು ಇಂದು ಕಿವಿಗೆ ಕೆಟ್ಟದಾಗಿ ಕೇಳುತ್ತವೆ, ಕೇಳಬೇಕಾದ್ದೇ. ಮಕ್ಕಳ ಜೊತೆ ನೋಡುವವರು ಇದನ್ನೂ ಮಾಲಿಯ ದೃಶ್ಯವನ್ನೂ ಗಮನದಲ್ಲಿಟ್ಟುಕೊಳ್ಳಿ.

ನಾಟಕದ ಪ್ರಸಿದ್ಧ ಕೊನೆಯ ಸಾಲು ಎಲ್ಲಿ ಹೋಯಿತು?

ನಾಟಕದ ಕೊನೆಯಲ್ಲಿ ವಾಲ್ಟರ್ ತನ್ನ ಗಡಿಯಾರವನ್ನು ಹಿಲ್ಡಿಗೆ ಉಡುಗೊರೆ ಕೊಟ್ಟು ರೈಲಿಗೆ ಕಳಿಸಿ, ಬೆನ್ನಿಗೇ ದಾರಿಯ ಊರಿನ ಪೊಲೀಸರಿಗೆ, ಆ ಸೂಳೆಮಗ ನನ್ನ ಗಡಿಯಾರ ಕದ್ದ ಎಂದು ದೂರು ಹೇಳುತ್ತಾನೆ. ಇದೇ ನಾಟಕದ ಮೊದಲ ಚಿತ್ರರೂಪವಾದ 1931ರ ಸಿನಿಮಾದಲ್ಲಿ ಆ ಬೈಗುಳವನ್ನು ಬೆರಳಚ್ಚು ಯಂತ್ರದ ಸದ್ದಿನಲ್ಲಿ ಮುಳುಗಿಸಿದರು. 1940ರಲ್ಲಿ ಸೆನ್ಸಾರ್ ಸಂಹಿತೆ ಬಿಗಿಯಾಗಿತ್ತು, ಅಂಥ ಮಾತಿಗೆ ಅವಕಾಶವೇ ಇರಲಿಲ್ಲ. ಗಡಿಯಾರದ ತಂತ್ರ ಮಾತ್ರ ಉಳಿದು, ಮೇಲೆ ಹೇಳಿದಂತೆ, ಬ್ರೂಸ್‌ನ ಕೊರಳಿಗೆ ಬಿತ್ತು.

ಕೊನೆ ಸುಖಾಂತವೇ?

ವಾದ ಮುಗಿದಿಲ್ಲ. ಕೊನೆಯಲ್ಲಿ ವಾಲ್ಟರ್ ಅವಳನ್ನು ಬ್ರೂಸ್ ಬಳಿಗೆ ಹೋಗು ಎನ್ನುತ್ತಾನೆ. ಇವನು ನಿಜವಾಗಿಯೂ ನನ್ನನ್ನು ಬಿಟ್ಟುಬಿಟ್ಟ ಎಂದು ಹಿಲ್ಡಿ ಒಂದು ಕ್ಷಣ ನಂಬುತ್ತಾಳೆ. ಖೋಟಾ ನೋಟಿನ ಸುದ್ದಿ ಫೋನಿನಲ್ಲಿ ಬಂದಾಗ, ಅವನು ಇನ್ನೂ ಮೋಸ ಮಾಡುತ್ತಲೇ ಇದ್ದಾನೆ ಎಂಬ ಸಮಾಧಾನಕ್ಕೆ ಅಳುತ್ತಾಳೆ. ಆಮೇಲೆ ನಯಾಗರಾಕ್ಕೆ ಮಧುಚಂದ್ರ ಎಂದವರು, ಆಲ್ಬನಿಯಲ್ಲಿ ಮುಷ್ಕರ ಎಂದು ಕೇಳಿದ್ದೇ ಅತ್ತ ಹೊರಳುತ್ತಾರೆ. ವಾಲ್ಟರ್ ಬರಿಗೈಯಲ್ಲಿ ಮುಂದೆ, ಹಿಲ್ಡಿ ಪೆಟ್ಟಿಗೆ ಹೊತ್ತು ಹಿಂದೆ. ಸಮಾನರ ಮದುವೆ ಎಂದು ಹೊಗಳುವವರು ಈ ಪೆಟ್ಟಿಗೆಯ ಬಗ್ಗೆ ಮಾತಾಡುವುದಿಲ್ಲ. ಅವಳು ಸೋತಳು ಎನ್ನುವವರು ಬೆರಳಚ್ಚು ಯಂತ್ರದ ಮುಂದೆ ಕೂತಾಗಿನ ಅವಳ ಮುಖವನ್ನು ಮರೆಯುತ್ತಾರೆ.

ಬೇರೆ ಯಾವ ರೂಪಗಳಿವೆ? ಯಾವುದನ್ನು ಮೊದಲು ನೋಡಲಿ?

1931ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶಿಸಿದ ‘ದ ಫ್ರಂಟ್ ಪೇಜ್’, 1974ರಲ್ಲಿ ಅದೇ ಹೆಸರಿನಲ್ಲಿ ಬಿಲ್ಲಿ ವೈಲ್ಡರ್ ಚಿತ್ರ (ಜಾಕ್ ಲೆಮನ್, ವಾಲ್ಟರ್ ಮ್ಯಾಥಾವ್), 1988ರಲ್ಲಿ ಟಿವಿ ಸುದ್ದಿಲೋಕಕ್ಕೆ ಸಾಗಿಸಿದ ‘ಸ್ವಿಚಿಂಗ್ ಚಾನೆಲ್ಸ್’. ಮೊದಲು 1940ರದ್ದು, ಆಮೇಲೆ 1931ರದ್ದು ನೋಡಿ. ಒಂದೇ ಸಾಲು ಇಬ್ಬರು ಗಂಡಸರ ನಡುವೆ ಹೇಗೆ, ಗಂಡಹೆಂಡಿರ ನಡುವೆ ಹೇಗೆ ಎಂಬುದು ಆಗ ಸ್ಪಷ್ಟ. ಕೊನೆಯದನ್ನು ಬಿಟ್ಟರೂ ನಷ್ಟವಿಲ್ಲ.

ಅಂತರ್ಜಾಲದಲ್ಲಿ ಹತ್ತಾರು ಪ್ರತಿಗಳಿವೆ. ಯಾವುದು ಒಳ್ಳೆಯದು?

ಅಮೆರಿಕದಲ್ಲಿ ಚಿತ್ರದ ಹಕ್ಕನ್ನು ನವೀಕರಿಸದೆ ಬಿಟ್ಟಿದ್ದರಿಂದ ಕಂಡಕಂಡವರು ಪ್ರತಿ ಮಾಡಿ ಮಾರಿದರು. ಬಹಳಷ್ಟು ಪ್ರತಿಗಳು ಸವೆದ ಫಿಲ್ಮಿನಿಂದ ಇಳಿಸಿದವು. ಚಿತ್ರ ಮಸುಕಾಗಿದ್ದರೆ ಹೇಗೋ ಸಹಿಸಬಹುದು, ಆದರೆ ಸದ್ದಿನಲ್ಲಿ ಗೊರಗೊರ ಇದ್ದರೆ ಈ ಚಿತ್ರ ಸತ್ತಂತೆ. ಹಳೆಯ ಚಿತ್ರಗಳ ಡಿಸ್ಕ್ ಹೊರತರುವ ಕ್ರೈಟೀರಿಯನ್ ಸಂಸ್ಥೆ 2017ರಲ್ಲಿ ಹೊರತಂದ ಪ್ರತಿ ಶುದ್ಧವಾಗಿದೆ, ಜೊತೆಗೆ 1931ರ ಚಿತ್ರವೂ ಇದೆ. ಚೌಕಟ್ಟು ಬಹುತೇಕ ಚೌಕವಾಗಿರಬೇಕು (1.37:1). ಟಿವಿ ಪರದೆ ತುಂಬಿದ್ದರೆ ಮೇಲೆ ಕೆಳಗೆ ಕತ್ತರಿಸಿದ್ದಾರೆ, ಇಲ್ಲವೇ ಅಡ್ಡಡ್ಡ ಎಳೆದಿದ್ದಾರೆ ಎಂದರ್ಥ.

ಮೊದಲ ಸಲ ಇಂಗ್ಲಿಷ್ ಅಡಿಬರಹ ಹಾಕಿಕೊಳ್ಳಿ. ಯಂತ್ರ ತಾನೇ ತಯಾರಿಸಿದ ಅಡಿಬರಹ ಬೇಡ, ಒಂದರ ಮೇಲೊಂದು ಬರುವ ಮಾತಿನಲ್ಲಿ ಅದು ಒಬ್ಬರ ಸಾಲನ್ನು ನುಂಗಿಬಿಡುತ್ತದೆ. ಎರಡನೇ ಸಲ ಅಡಿಬರಹ ತೆಗೆದು ನೋಡಿ. ಕಣ್ಣು ಕೆಳಗಿದ್ದರೆ ರಸೆಲ್‌ರ ಕೈಕಾಲಿನ ಅಭಿನಯವೆಲ್ಲ ತಪ್ಪಿಹೋಗುತ್ತದೆ.

ಈ ನಾಟಕವನ್ನು ಕನ್ನಡಕ್ಕೆ ತಂದು ಆಡಬಹುದೇ? ಹಕ್ಕಿನ ತೊಡಕು ಇದೆಯೇ?

ಮೂಲ ನಾಟಕದ ಹಕ್ಕು ಅಮೆರಿಕದಲ್ಲಿ 2023ರ ಕೊನೆಗೆ ಮುಗಿಯಿತು. ಭಾರತದಲ್ಲಿ ಲೆಕ್ಕ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಇಬ್ಬರಿದ್ದರೆ ಕೊನೆಗೆ ತೀರಿಕೊಂಡವರದ್ದು ಗಣನೆಗೆ. ಮೆಕಾರ್ಥರ್ 1956ರಲ್ಲಿ, ಹೆಕ್ಟ್ 1964ರಲ್ಲಿ ತೀರಿಕೊಂಡರು. ಹಾಗಾಗಿ 2025ರ ಜನವರಿಯಿಂದ ಇಲ್ಲೂ ಮುಕ್ತ. ಇದು 1928ರ ಪಠ್ಯಕ್ಕೆ ಮಾತ್ರ. ಈಚಿನ ರಂಗರೂಪಾಂತರಗಳಿಗೆ ಅವರವರ ಹಕ್ಕು ಪ್ರತ್ಯೇಕ. ಹಿಲ್ಡಿಯನ್ನು ಹೆಣ್ಣು ಮಾಡುವ ಯಾವುದೋ ಹೊಸ ಪಠ್ಯವನ್ನು ಎತ್ತಿಕೊಳ್ಳುವ ಬದಲು ಮೂಲದಿಂದ ನೀವೇ ಮಾಡಿಕೊಳ್ಳಿ.

ಆಡುವಾಗ ಎಲ್ಲಿ ಕೈಕೊಡುತ್ತದೆ?

ಮೊದಲು ಭಾಷೆಯಲ್ಲೇ. ಇಂಗ್ಲಿಷ್ ವಾಕ್ಯದ ಬಾಲವನ್ನು ಕತ್ತರಿಸಿದರೂ ಕ್ರಿಯಾಪದ ಆಗಲೇ ಬಂದುಹೋಗಿರುತ್ತದೆ. ಕನ್ನಡದಲ್ಲಿ ಕ್ರಿಯಾಪದವೂ ‘ಇಲ್ಲ’ವೂ ಕೊನೆಯಲ್ಲೇ ಬರುವುದು. ‘ನಾನು ಆಲ್ಬನಿಗೆ ಹೋಗ್ತೀನಿ’ಯೋ ‘ಹೋಗಲ್ಲ’ವೋ, ಎದುರಿನವನು ಬಾಯಿ ಹಾಕಿದರೆ ತಿಳಿಯುವುದೇ ಇಲ್ಲ. ಆದ್ದರಿಂದ ಕ್ರಿಯಾಪದವನ್ನು ಮುಂದೆ ತನ್ನಿ, ಇಲ್ಲವೇ ಅದರ ಹಿಂದೆ ಕಳೆದುಹೋದರೂ ಪರವಾಗಿಲ್ಲದ ಬಾಲ ಅಂಟಿಸಿ: ‘ಹೋಗಲ್ಲ ಅಂದ್ನಲ್ಲ, ಎಷ್ಟು ಸಲ ಹೇಳ್ಬೇಕು ನಿಮಗೆ’. ಎದುರಿನವನು ‘ಅಂದ್ನಲ್ಲ’ದ ಮೇಲೆ ಬರಬೇಕು. ಆಡುಮಾತಿನಲ್ಲಿ ಇಂಥ ಬಾಲಗಳಿಗೆ ಬರವಿಲ್ಲ, ಗ್ರಾಂಥಿಕ ಕನ್ನಡದಲ್ಲಿ ಈ ನಾಟಕ ಏಳುವುದೇ ಇಲ್ಲ.

ತಾಲೀಮಿನಲ್ಲಿ ವೇಗದಿಂದ ಶುರುಮಾಡಬೇಡಿ. ಮೊದಲು ಪ್ರತಿ ಸಾಲಿನ ತಿರುಳಿಗೆ ಪೆನ್ಸಿಲಿನಲ್ಲಿ ಅಡಿಗೆರೆ ಎಳೆಯಿರಿ, ಮುಂದಿನವರು ಯಾವ ಪದಕ್ಕೆ ಒಳನುಗ್ಗಬೇಕೋ ಅದಕ್ಕೆ ವೃತ್ತ ಹಾಕಿ. ಸಾಮಾನ್ಯ ವೇಗದಲ್ಲಿ ಬಾಯಿಪಾಠವಾಗಲಿ. ಆಮೇಲೆ ಅದೇ ವೇಗದಲ್ಲಿ ಮೇಲ್ಬೀಳಿಕೆಯನ್ನು ಮಾತ್ರ ಸೇರಿಸಿ. ವೇಗ ಕೊನೆಗೆ, ಅದೂ ತಾನಾಗಿಯೇ ಬರುತ್ತದೆ. ಈ ಕ್ರಮ ತಪ್ಪಿದವರು ಎರಡನೇ ಅಂಕಕ್ಕೆ ಕಿರುಚಾಟಕ್ಕೆ ಇಳಿಯುತ್ತಾರೆ, ಯಾಕೆಂದರೆ ತಮ್ಮ ಮಾತು ಕೇಳಿಸುತ್ತಿಲ್ಲ ಎಂಬ ಭಯಕ್ಕೆ ನಟರು ದನಿ ಏರಿಸುತ್ತಾರೆ.

ಪಾತ್ರಗಳು ಇಪ್ಪತ್ತಕ್ಕೂ ಹೆಚ್ಚು. ವರದಿಗಾರರಲ್ಲಿ ಇಬ್ಬರನ್ನು ಕಡಿಮೆ ಮಾಡಿದರೆ ನಡೆದೀತು, ಅದಕ್ಕಿಂತ ಕಡಿಮೆಯಾದರೆ ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಫೋನಿನಲ್ಲಿ ಬಣ್ಣಿಸುವ ಹಾಸ್ಯ ಹೋಗುತ್ತದೆ. ಫೋನಿನ ಗಂಟೆ ಆಯಾ ಫೋನಿನೊಳಗಿಂದಲೇ ಬರಬೇಕು. ಸಭಾಂಗಣದ ಸ್ಪೀಕರಿನಿಂದ ಬಂದರೆ ನಟ ಯಾವ ಫೋನು ಎತ್ತುತ್ತಿದ್ದಾನೆಂದು ನೋಡುಗರಿಗೆ ತಿಳಿಯದು. ಅರ್ಲ್ ಅಡಗುವ ಸುರುಳಿ ಮುಚ್ಚಳದ ಮೇಜಿಗೆ ಹಿಂಬದಿಯ ಹಲಗೆ ಬೇಡ: ಒಳಗಿನ ನಟ ಬಹಳ ಹೊತ್ತು ಕೂರಬೇಕು, ಗಾಳಿ ಬೇಕು, ಸಾಧ್ಯವಾದರೆ ಹಿಂದಿನ ಪರದೆಯ ಸೀಳಿನಿಂದ ಹೊರಗೆ ಹೋಗಿ ಬರುವಂತಿರಬೇಕು. ಮುಚ್ಚಳದ ಪಟ್ಟಿಗಳನ್ನು ದಪ್ಪ ಕ್ಯಾನ್ವಾಸ್ ಮೇಲೆ ಅಂಟಿಸಿ, ಅವು ಓಡುವ ಸಂದುಗಳಿಗೆ ಮೇಣ ಸವರಿ. ಪ್ರತಿ ಪ್ರದರ್ಶನಕ್ಕೆ ಮುನ್ನ ನಟನನ್ನು ಒಳಗೆ ಕೂರಿಸಿಯೇ ಎಳೆದು ನೋಡಿ, ಖಾಲಿ ಮೇಜಿನಲ್ಲಿ ಸರಾಗ ಓಡಿದ ಮುಚ್ಚಳ ಮೊಣಕಾಲಿಗೆ ತಗುಲಿ ನಿಂತುಬಿಡುವುದುಂಟು.